ಮೊದಲು ನೀರು ಬರಲಿ

ರಾತ್ರಿ ಎರಡೂಕಾಲು. ಗಂಡಸರ ವಾರ್ಡು.
ಡ್ರೆಸ್ಸರ್ ಓಬಳೇಶ ಇವತ್ತೂ ರಜ.
ಹನ್ನೊಂದನೇ ಮಂಚದ ಪೀರ್‌ಸಾಬರಿಗೆ
ಮಧ್ಯಾಹ್ನದಿಂದ ಒಂದು ಹನಿ ಹೋಗಿಲ್ಲ.
ಹೊಕ್ಕುಳ ಕೆಳಗೆ ಹೊಟ್ಟೆ
ಬೋರಲು ಹಾಕಿದ ಮಡಕೆ.

ದಾವಣಗೆರೆಯ ಅರ್ಧ ಊರಿಗೆ
ಮಂಡಕ್ಕಿ ಹುರಿದ ಮೈ ಅದು.
ಭಟ್ಟಿಯ ಝಳಕ್ಕೆ ಹುಬ್ಬು ಉಳಿದಿಲ್ಲ.
ನನ್ನ ಕಂಡದ್ದೇ ಲುಂಗಿ ಬಿಗಿಹಿಡಿದರು:
'ಗಂಡಸ್ರು ಯಾರೂ ಇಲ್ಲೇನವ್ವ?'
'ಇಲ್ಲ ಚಾಚಾ. ನಾನಿದೀನಿ.'
ಗೋಡೆಯ ಕಡೆ ಮುಖ ತಿರುಗಿಸಿದರು.

ಅದನ್ನೇ ಒಪ್ಪಿಗೆ ಅಂದುಕೊಳ್ಳಬಹುದಿತ್ತು.
ಪರದೆ ಎಳೆದು, ಸ್ಟೂಲಿನ ಮೇಲೆ ಕೂತು
ಏನು ಮಾಡ್ತೀನಿ, ಎಲ್ಲಿ ಉರಿಯುತ್ತೆ, ಎಷ್ಟು ಹೊತ್ತು,
ಎಲ್ಲ ಹೇಳಿದೆ.
'ಹೂಂ' ಅನ್ನುವವರೆಗೆ ಎದ್ದಿಲ್ಲ.

ನಲ್ಲಿಯಲ್ಲಿ ನೀರು ಸಣ್ಣಗೆ.
ಆದರೂ ಬೆರಳ ಸಂದಿ, ಹೆಬ್ಬೆರಳು, ಮಣಿಕಟ್ಟು.
ಹಬ್ಬದ ಗಾಜಿನ ಬಳೆ ಬಿಚ್ಚಿ ಜೇಬಿನಲ್ಲಿ.
ದಪ್ಪ ಟ್ಯೂಬು ಬೇಡ, ಹದಿನಾಲ್ಕು ನಂಬರು ಸಾಕು.
ಗ್ಲೌಸು ತೊಟ್ಟ ಮೇಲೆ ಬಲಗೈ ನನ್ನದಲ್ಲ;
ಅದು ಮಂಚ ಮುಟ್ಟಬಾರದು, ಕೂದಲು ಸರಿಸಬಾರದು,
ಸೊಳ್ಳೆ ಕಚ್ಚಿದರೂ ಕೆನ್ನೆಗೆ ಹೋಗಬಾರದು.
ಕಚ್ಚಿತು. ಕಚ್ಚಲಿ.

ಒರೆಸಿ, ಜೆಲ್ಲಿ ಒಳಗೆ ಬಿಟ್ಟು, ಗಡಿಯಾರ ನೋಡಿದೆ.
ಮರಗಟ್ಟಲು ಐದು ನಿಮಿಷ.
ಈ ಐದು ನಿಮಿಷ ಯಾರೂ ಕಾಯುವುದಿಲ್ಲ.
ನಾನೂ ಕಾಯುತ್ತಿರಲಿಲ್ಲ,
ಹರಿಹರದ ತಿಪ್ಪೇಶಿ ಬರುವವರೆಗೆ.

ಕೆಲಸಕ್ಕೆ ಸೇರಿ ಮೂರನೇ ತಿಂಗಳು.
ಮೂವತ್ತು ಮಂಚ, ಒಬ್ಬಳೇ.
ಟ್ಯೂಬು ಅರ್ಧ ಹೋಯಿತು, ಸಾಕು ಅನ್ನಿಸಿತು,
ಮೂತ್ರ ಕಾಣುವ ಮುಂಚೆಯೇ ಬಲೂನು ಉಬ್ಬಿಸಿದೆ.
ಅದು ನಡುದಾರಿಯಲ್ಲೇ ಉಬ್ಬಿತು.
ಅವನು ಕೂಗಲಿಲ್ಲ,
ಮಂಚದ ಕಂಬಿ ಹಿಡಿದು ಅರ್ಧ ಎದ್ದ.
ಬ್ಯಾಗಿಗೆ ಇಳಿದದ್ದು ಕೆಂಪು.
ಕೇಸ್‌ಶೀಟಿನಲ್ಲಿ 'ಕಷ್ಟದ ಕೇಸು' ಎಂದು ಬರೆದಿದೆ.
ಅಕ್ಷರ ನನ್ನದೇ.

'ಉಸುಕು ಕಾಯೋಕ್ ಮುಂಚೆ
ಅಕ್ಕಿ ಹಾಕಬಾರದು ನೋಡವ್ವ,'
ಗೋಡೆಗೆ ಹೇಳಿದರು ಪೀರ್‌ಸಾಬರು.
ಭಯಕ್ಕೆ ಏನಾದರೂ ಮಾತು ಬೇಕಲ್ಲ.
'ಹಾಕಿದ್ರೆ?'
'ಅರಳಂಗಿಲ್ಲ, ಕಲ್ಲಾಗತೈತಿ.
ಮಾಲೀಕ ಬೈತಾನ.
ಅವಸರ ಮಾಡಿದವನೂ ಅವನಾ.'
ನಕ್ಕೆವು. ನಾಲ್ಕೂವರೆ ನಿಮಿಷ.

ನೇರ ಎತ್ತಿ ಹಿಡಿದು ತಳ್ಳಿದೆ.
ತಳ್ಳಿದೆ ಅಂದರೆ ತಪ್ಪು,
ದಾರಿ ಕೊಟ್ಟಷ್ಟು ಕಳಿಸಿದೆ.
ಒಂದು ಕಡೆ ನಿಂತಿತು. ಗ್ರಂಥಿ ಅಡ್ಡ.
ಇಲ್ಲಿ ಒತ್ತಿದರೆ
ಇಲ್ಲದ ದಾರಿಯೊಂದು ಹುಟ್ಟಿಬಿಡುತ್ತದೆ.
'ಚಾಚಾ, ಉಸಿರು ಎಳೆದು ನಿಧಾನ ಬಿಡ್ರಿ.
ಕಾಲ್ಬೆರಳು ಅಲ್ಲಾಡಿಸ್ರಿ.'
ಅಲ್ಲಾಡಿಸಿದರು. ಹೆಬ್ಬೆರಳಲ್ಲಿ ಹಳೆಯ ಸುಟ್ಟ ಕಲೆ.
ಒಳಗೆಲ್ಲೋ ಒಂದು ಬಿಗಿ ಸಡಿಲಿತು.

ಕವಲಿನವರೆಗೆ ಪೂರ್ತಿ ಒಳಗೆ.
ಆಗಲೂ ಸಿರಿಂಜು ಮುಟ್ಟಲಿಲ್ಲ.
ಮೊದಲು ನೀರು ಬರಲಿ.
ನಮ್ಮೂರು ಭದ್ರಾ ನಾಲೆಯ ಕಟ್ಟಕಡೆ;
ಚಿಕ್ಕವಳಿದ್ದಾಗ ತೂಬಿನ ಬಾಯಲ್ಲಿ ಕೂತು
ಗುದ್ದಲಿಗೆ ಅವಸರ ಮಾಡಬೇಡ ಅನ್ನಿಸಿಕೊಂಡವಳು.

ಬಂತು.
ಟ್ಯೂಬಿನಲ್ಲಿ ಹಳದಿ ಗೆರೆ, ಆಮೇಲೆ ಧಾರೆ,
ಪೀರ್‌ಸಾಬರ ಗಂಟಲಲ್ಲಿ 'ಯಾ ಅಲ್ಲಾ' ಎಂಬ
ಅರ್ಧ ನಿಟ್ಟುಸಿರು.
ಆಮೇಲೆ ಬಲೂನು, ಹತ್ತು ಎಂಎಲ್ ನೀರು,
ಸಿರಿಂಜು ನೋಡದೆ
ಆ ಹುಬ್ಬಿಲ್ಲದ ಹಣೆಯನ್ನೇ ನೋಡುತ್ತ.
ಸುಕ್ಕು ಬೀಳಲಿಲ್ಲ.

ಟ್ಯೂಬನ್ನು ತೊಡೆಗೆ ಅಂಟಿಸಿ,
ಬ್ಯಾಗನ್ನು ಕಂಬಿಗೆ ಸಿಕ್ಕಿಸಿದೆ,
ಹೊಟ್ಟೆಗಿಂತ ಕೆಳಗೆ, ನೆಲ ಮುಟ್ಟದ ಹಾಗೆ.
ಒಂಬೈನೂರು ಎಂಎಲ್. ಲುಂಗಿ ಸರಿಮಾಡಿದೆ.
ನಾನು ಪರದೆ ಸರಿಸುವಷ್ಟರಲ್ಲಿ ಗೊರಕೆ.

ಕೇಸ್‌ಶೀಟು: ಎರಡೂ ಐವತ್ತು. ಹದಿನಾಲ್ಕು ನಂಬರು.
ಒಮ್ಮೆ ತಡೆಯಿತು, ಕಾದೆ.
ಕಾದದ್ದನ್ನು ಬರೆಯಲು ಕಾಲಂ ಇಲ್ಲ,
ಅಂಚಿನಲ್ಲಿ ಬರೆದೆ. ಅದರ ಕೆಳಗೆ, ಬೆಳಗಿನವಳಿಗೆ:
'ಇನ್ನೂ ಬೇಕಾ ಅಂತ ದಿನಾ ಡಾಕ್ಟರನ್ನ ಕೇಳು.
ಬೇಡದ ದಿನ ಒಂದು ತಾಸೂ ಇಡಬೇಡ.'

ಗ್ಲೌಸು ಕಳಚಿದೆ. ಕೈ ತೊಳೆದೆ.
ಜೇಬಿನಲ್ಲಿ ಒಂದು ಬಳೆ ಒಡೆದಿತ್ತು.

ಆಮೇಲೆ ಕೆನ್ನೆ ಕೆರೆದುಕೊಂಡೆ.