ಆರು ವರಸೆ

ಮೊದಲ ಮಾತು ಆಡಿದ್ದು ನನ್ನ ಬೆನ್ನು, ನಾನಲ್ಲ.
ಬೇತೂರು ರಸ್ತೆಯ ಮಂಡಕ್ಕಿ ಭಟ್ಟಿಗಳು ಆರಿ
ಬೀದಿಯಲ್ಲಿ ಹುರಿದ ವಾಸನೆಯಷ್ಟೇ ಉಳಿದಿದ್ದ ಒಂದು ರಾತ್ರಿ
ಮಗ್ಗುಲು ಬದಲಿಸುತ್ತ "ಹಾ" ಎಂದೆ.
"ಏನಾತು?" ಅಂದ ಕೊಟ್ರೇಶ, ಕಣ್ಣು ಬಿಡದೆ.
"ಅಡಿಗೆ ಕಟ್ಟೆ ಎತ್ತರ ಮಾಡಿಸ್ಬೇಕು."
"ಹೂಂ."
ಆ ಹೂಂ ಎದ್ದು ಕೂರಲು ಹದಿನಾಲ್ಕು ತಿಂಗಳು ಹಿಡಿಯಿತು.

ಕಟ್ಟೆ ಅಂದಮೇಲೆ ಸಿಂಕು, ಸಿಂಕು ಅಂದಮೇಲೆ ಪೈಪು,
ಪೈಪು ಕಿತ್ತಮೇಲೆ ನೆಲ ಸುಮ್ಮನಿದ್ದೀತೆ?
ಯಾರದೋ ಮದುವೆ ಕರೆಯೋಲೆಯ ಬೆನ್ನಿಗೆ
ಅವನು ಲೆಕ್ಕ ಬರೆದ, ಹೊಡೆದುಹಾಕಿದ, ಮತ್ತೆ ಬರೆದ.
ಮೋಟಾರು ವೈಂಡಿಂಗ್ ಅಂಗಡಿಯವನು,
ಎಣಿಸಿ ಸುತ್ತಿದ ತಂತಿಯನ್ನು ಬಿಟ್ಟರೆ ಏನನ್ನೂ ನಂಬದವನು,
ಒಂದು ಲಕ್ಷ ಹತ್ತು ಸಾವಿರ ಎಂದು ಕೆಳಗೆ ಎರಡು ಗೆರೆ ಎಳೆದ.
ನಾನು ಚೀಟಿ ಎತ್ತಿದ ದುಡ್ಡನ್ನು ಅದರ ಮೇಲಿಟ್ಟೆ,
ಫ್ಯಾನಿನ ಗಾಳಿಗೆ ಹಾರದಂತೆ.

ಮಾಬುಸಾಬ್ ಮೇಸ್ತ್ರಿ ಬಂದವರು ಟೇಪು ಬಿಚ್ಚಲಿಲ್ಲ.
ಚಹಾ ಕುಡಿದ ಲೋಟ ಇಡಲು ಒಳಗೆ ಬಂದು,
ಬಗ್ಗಿ, ಬಗ್ಗಿದಲ್ಲೇ ತಡೆದು, ಕೇಳಿದರು:
"ಯಾರ ಎತ್ತರಕ್ಕೆ ಕಟ್ಟಾಣ?"

ಯಾರ ಎತ್ತರಕ್ಕೆ.
ರವಿಕೆಗೆ ಅಳತೆ ಕೇಳಿದ್ದರು, ಬಳೆಗೆ ಕೇಳಿದ್ದರು.
ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದ ಜಾಗಕ್ಕೆ
ಯಾರೂ ಕೇಳಿರಲಿಲ್ಲ.
ಗೋಡೆಗೊರಗಿ ನಿಂತು ಮೊಣಕೈ ಮಡಿಸಿದೆ.
ಅದಕ್ಕಿಂತ ನಾಲ್ಕು ಬೆರಳು ಕೆಳಗೆ
ಕಿವಿಯ ಮೇಲಿನ ಪೆನ್ಸಿಲು ಒಂದು ಗೆರೆ ಎಳೆಯಿತು.
ಹಳೆಯ ಕಟ್ಟೆ ಆ ಗೆರೆಗಿಂತ ಒಂದು ಗೇಣು ತಗ್ಗಿತ್ತು.

ಬಾಗಿಲಲ್ಲಿ ಅತ್ತೆ ಹಾಲಮ್ಮ,
ನಾಲ್ಕೂಮುಕ್ಕಾಲು ಅಡಿ, ಕೈಯಲ್ಲಿ ಎಲೆಅಡಿಕೆ ಚೀಲ.
ಹೇಳಿಬಿಡುತ್ತೇನೆ: ಸೊಂಟ ಹಿಡಿದಾಗಲೆಲ್ಲ
ನಾನು ಒಳಗೊಳಗೇ ಬೈದದ್ದು
ಆ ನಾಲ್ಕೂಮುಕ್ಕಾಲು ಅಡಿಯನ್ನು.

ಮಾರ್ಚಿನ ಒಂದು ಬುಧವಾರ ಸುತ್ತಿಗೆ ಬಿತ್ತು.
ಧೂಳು ದೇವರ ಗೂಡನ್ನೂ ಟೀವಿಯನ್ನೂ
ಒಂದೇ ಬಣ್ಣಕ್ಕೆ ತಂದಿತು.
ಸ್ಟವ್ವು ಜಗುಲಿಗೆ ಬಂತು, ಮೂರು ಹೊತ್ತೂ ಒಗ್ಗರಣೆ ಮಂಡಕ್ಕಿ.
ನಲ್ಲಿ ಬಂದ ದಿನ ಕ್ಯೂರಿಂಗು, ಬಾರದ ದಿನ ಟ್ಯಾಂಕರಿನವನ ಜೊತೆ ಜಗಳ.
ಅಂಗಡಿಯ ಹುಡುಗ ಐವರಿ ಎಂದು ಕೊಟ್ಟ ಟೈಲ್ಸು
ಮನೆಗೆ ಬರುವಷ್ಟರಲ್ಲಿ ಹುಳಿ ಮಜ್ಜಿಗೆಯ ಬಣ್ಣ.
ಲಕ್ಷ ಹತ್ತು, ಲಕ್ಷ ಅರವತ್ತೈದು ಆದದ್ದು ಯಾವಾಗಲೋ;
ಕರೆಯೋಲೆಯಲ್ಲಿ ಬರೆಯಲು ಜಾಗವಿರಲಿಲ್ಲ.

ಒಡೆದ ಕಟ್ಟೆಯ ಇಟ್ಟಿಗೆ ಹಿತ್ತಲಲ್ಲಿ ಪೇರಿಸುತ್ತಿದ್ದೆವು.
ಹಾಲಮ್ಮ ಒಂದನ್ನೆತ್ತಿ ಸೆರಗಿನಿಂದ ಮಣ್ಣು ಒರೆಸಿದರು.
"ಎಂಟು ವರಸೆ ಅಂತ ಹೇಳಿದ್ದೆ ಕಣವ್ವ.
ಆರಕ್ಕೇ ಇಟ್ಟಿಗೆ ಮುಗಿದ್ವು.
ಇನ್ನೊಂದು ಗಾಡಿ ತರಸಾಣ ಅಂದ್ರೆ ನಿಮ್ಮ ಮಾವ
ನೀ ಹೆಂಗೂ ಗಿಡ್ಡಿ, ಸಾಕು ಬಿಡು ಅಂದ್ರು."
ಎಲೆ ಮಡಿಚಿ ಬಾಯಿಗಿಟ್ಟುಕೊಂಡರು.
"ನನಗೂ ಸೊಂಟ ಹಿಡೀತಿತ್ತು."

ನನ್ನ ಕೈಯಲ್ಲೂ ಒಂದು ಇಟ್ಟಿಗೆ ಇತ್ತು.
ಎಲ್ಲಿಡಬೇಕೋ ತಿಳಿಯಲಿಲ್ಲ.

ಈಗ ಕಪ್ಪು ಗ್ರಾನೈಟು. ಕಿಟಕಿಯ ಕೆಳಗೆ ಮಾತ್ರ
ಮೂರು ಬೆರಳು ತಗ್ಗಿಗೆ ಒಂದು ತುಂಡು ಕಟ್ಟೆ,
ಲೆಕ್ಕದಲ್ಲಿ ಇರದದ್ದು,
ಹಳೆಯ ಇಟ್ಟಿಗೆಯಲ್ಲೇ ಎಣಿಸಿ ಎಂಟು ವರಸೆ.
ಹಾಲಮ್ಮ ಅಲ್ಲಿ ಅಡಿಗೆಯನ್ನೇನೂ ಮಾಡುವುದಿಲ್ಲ.
ಎಲೆಅಡಿಕೆ ಚೀಲ ಇಡುತ್ತಾರೆ, ಬಿಪಿ ಗುಳಿಗೆ ಇಡುತ್ತಾರೆ.
ಇರಲಿ.
ಒಂದು ಡ್ರಾಯರು ಅರ್ಧಕ್ಕೇ ನಿಲ್ಲುತ್ತದೆ;
ಬಡಗಿ ಫೋನಿನಲ್ಲಿ ನಾಳೆ ಎನ್ನುತ್ತಾನೆ.

ಹಾಲು ಉಕ್ಕಿಸಿದ ಮರುದಿನ ಮೊದಲ ರೊಟ್ಟಿಗೆ ನಿಂತೆ.
ಕಟ್ಟೆ ಕೈಗೆ ಸಿಕ್ಕಿತು, ಹಿಟ್ಟು ಹದಕ್ಕೆ ಬಂತು,
ಬೆನ್ನು ಮಾತ್ರ
ಆ ಹಳೆಯ ಆರು ವರಸೆಯನ್ನೇ ಹುಡುಕುತ್ತ ಬಗ್ಗಿತು.

"ನೆಟ್ಟಗೆ ನಿಂದ್ರವ್ವ" ಅಂದರು
ಹಿಂದಿನಿಂದ ಹಾಲಮ್ಮ.