ಗೇಣು ನೆಲ

ಬೆಳಗಿನ ಐದೂವರೆಗೆ ಭಿಕ್ಷುಗಳು ಬರುತ್ತಾರೆ.
ಬಿದಿರ ಬುಟ್ಟಿಯಿಂದ ಅಂಟಕ್ಕಿಯ ಅನ್ನ ಚಿವುಟಿ
ಒಂದೊಂದು ಪಾತ್ರೆಗೆ ಒಂದೊಂದು ಉಂಡೆ.
ಅತ್ತೆ ಪಿಸುಗುಡುತ್ತಾಳೆ, ಹೋದವರ ಹೆಸರು.
ನನ್ನ ಗಮನ ಮಾತ್ರ ಬೂಟಿನ ದಾರದ ಮೇಲೆ.
ಆರಕ್ಕೆ ಲಾರಿ.

ಸಿಯೆಂಗ್ ಖ್ವಾಂಗಿನ ನಮ್ಮ ಗದ್ದೆಯಲ್ಲಿ
ನಾವು ಬಿತ್ತದ್ದು ಇದೆ.
ಕಿತ್ತಳೆಯಷ್ಟು, ದುಂಡಗೆ, ತುಕ್ಕು ಹಿಡಿದು,
ಮಕ್ಕಳ ಕೈಯಳತೆ ತೆಗೆದು ಮಾಡಿದಂತಿರುವುದು.
ಇಲ್ಲಿಯವರ ಬಾಯಲ್ಲಿ ಅದಕ್ಕೆ ಮುದ್ದಿನ ಹೆಸರು: ಬಾಂಬಿ.
ಅಜ್ಜಿ ಗುಹೆಯಲ್ಲಿ ಮಾವನನ್ನು ಹೊತ್ತಿದ್ದಾಗ
ಆಕಾಶದಿಂದ ಯಾರೋ ಬಿತ್ತಿ ಹೋದದ್ದು.
ಬಿತ್ತಿದವನ ಮುಖ ನಾವು ನೋಡಿಲ್ಲ,
ಅವನೂ ನಮ್ಮದನ್ನು ನೋಡಿಲ್ಲ.

ಮಾವ ತೋಂಗ್ಸೈಗೆ ಎಡಗೈ ಮೊಣಕೈತನಕ ಮಾತ್ರ.
ಹನ್ನೆರಡನೇ ವಯಸ್ಸಿಗೆ ಕಳಲೆ ಅಗೆಯಲು ಹೋಗಿದ್ದ.
ಕೇಳಿದರೆ ಒಂದೇ ಮಾತು: ಕರ್ಮ.
ಹೋದ ಜನ್ಮದಲ್ಲಿ ಯಾವುದೋ ಹಕ್ಕಿಯ ರೆಕ್ಕೆ ಮುರಿದಿರಬೇಕು,
ಮಾಡಿದ್ದುಣ್ಣೋ ಮಹರಾಯ.
ಅಂದು, ನಕ್ಕು, ಒಂದೇ ಕೈಯಲ್ಲಿ ಸಿಗರೇಟು ಸುತ್ತಿ
ನಾಲಿಗೆಯಿಂದ ಅಂಟಿಸುತ್ತಾನೆ.
ಆ ನಗು ಅವನಿಗೆ ನಲವತ್ತು ವರ್ಷ ಅನ್ನ ಹಾಕಿದೆ,
ನಾನದನ್ನು ಕಿತ್ತುಕೊಳ್ಳಲಾರೆ.

ಆದರೆ ಮಾವ,
ಆ ಹಕ್ಕಿಯ ಲೆಕ್ಕ ಬರೆದಿಟ್ಟವರು ಯಾರು?
ಮತ್ತೆ ಅದೇ ದಿನ, ಅದೇ ಗುಡ್ಡದಲ್ಲಿ ಸತ್ತ ಎಮ್ಮೆ?
ಅದು ಯಾರ ರೆಕ್ಕೆ ಮುರಿದಿತ್ತು?

ವಿಹಾರದ ಹಿರಿಯ ಭಿಕ್ಷುವನ್ನು ಕೇಳಿದೆ ಒಮ್ಮೆ.
ಶುಂಠಿ ಜಗಿಯುತ್ತಿದ್ದರು.
"ಈ ಕೆಮ್ಮು ಹೋದ ಜನ್ಮದ್ದಲ್ಲ," ಅಂದರು,
"ನಿನ್ನೆ ರಾತ್ರಿ ಕಿಟಕಿ ತೆರೆದಿಟ್ಟದ್ದು.
ಪಿತ್ತವೂ ಇದೆ, ಗಾಳಿಯೂ ಇದೆ, ಚಳಿಗಾಲವೂ ಇದೆ,
ಪರರ ಕೈಯೂ ಇದೆ ಲೋಕದಲ್ಲಿ.
ಎಲ್ಲವನ್ನೂ ಹಳೇ ಸಾಲಕ್ಕೆ ಬರೆಯುವವನು
ಸೋಮಾರಿ ಶಾನುಭೋಗ."
"ಮತ್ತೆ ಕರ್ಮ ಅಂದರೆ?"
"ಈಗ ಏನು ಮಾಡಬೇಕೆಂದಿದ್ದೀಯೋ, ಅದು."
ಇನ್ನೂ ಏನೋ ಹೇಳುವುದಿತ್ತು, ಕೆಮ್ಮು ಬಂತು.

ನಾವು ಮಾಡುವುದು ಇಷ್ಟೆ:
ಕೆಂಪು ದಾರ ಕಟ್ಟಿ ಒಂದು ಮೀಟರಗಲದ ಹಾದಿ.
ಕೂಸಿಗೆ ಗಾಳಿ ಬೀಸಿದ ಹಾಗೆ ಯಂತ್ರ ಆಡಿಸುತ್ತ
ಒಂದು ಹೆಜ್ಜೆ. ಕಿವಿಯಲ್ಲಿ ಮೌನ.
ಇನ್ನೊಂದು ಹೆಜ್ಜೆ.
ಕುಯ್ಯೆಂದರೆ ಮೊಣಕಾಲೂರಿ, ಪಕ್ಕದಿಂದ,
ಮೇಲಿನಿಂದಲ್ಲ, ಎಂದೂ ಮೇಲಿನಿಂದಲ್ಲ,
ಕರಣೆಯಲ್ಲಿ ಮಣ್ಣು ಬಿಡಿಸುವುದು,
ಮಲಗಿದವಳ ಹಣೆಯಿಂದ ಕೂದಲು ಸರಿಸಿದಂತೆ.
ನೂರಕ್ಕೆ ತೊಂಬತ್ತು ಸಲ ಮೊಳೆ, ಚೂರು, ಮೀನಿನ ಡಬ್ಬಿ.
ಡಬ್ಬಿಗೂ ಅಷ್ಟೇ ಮರ್ಯಾದೆ ಕೊಡಬೇಕು.
ಅಗೆದು ಮುಗಿಯುವ ತನಕ ಅದು ಡಬ್ಬಿಯೆಂದು
ಯಾರಿಗೆ ಗೊತ್ತು?

ಜೊತೆಗಾತಿ ಮಣಿಚನ್ ಲೆಕ್ಕದಲ್ಲಿ ಗಟ್ಟಿ.
ಊಟದ ಹೊತ್ತಲ್ಲಿ ಹೇಳಿದಳು:
ಈ ವೇಗದಲ್ಲಿ ನಮ್ಮ ಜಿಲ್ಲೆ ಮುಗಿಯಲು ನೂರಾ ಇಪ್ಪತ್ತು ವರ್ಷ.
ಇನ್ನೆರಡು ಜನ್ಮ ಎತ್ತಬೇಕು ಕಣೇ,
ಅದೂ ಇದೇ ಸಂಬಳಕ್ಕೆ.
ನಕ್ಕೆವು. ಪಪ್ಪಾಯಿಯ ಖಾರ ನೆತ್ತಿಗೇರಿತು.

ಮೂರೂವರೆಗೆ ಇವತ್ತು ಒಂದು ಸಿಕ್ಕಿತು.
ಬಾಳೆಯ ಬುಡದಲ್ಲಿ. ಬೇರು ಅದನ್ನು ಅಪ್ಪಿಕೊಂಡಿತ್ತು.
ಐವತ್ತು ವರ್ಷ ಆ ಹಿಂಡು ಅದರ ಪಕ್ಕದಲ್ಲೇ ಗೊನೆ ಬಿಟ್ಟಿದೆ,
ನಾವು ತಿಂದಿದ್ದೇವೆ.
ಮರಳ ಚೀಲ ಪೇರಿಸಿ, ತಂತಿ ಎಳೆದು,
ಊರಿಗೆ ಮೂರು ಬಾರಿ ಕೂಗಿ ಹೇಳಿ,
ಗುಂಡಿ ಒತ್ತುವ ಸರದಿ ನನ್ನದು.

ಒತ್ತುವ ಮುಂಚೆ ಒಂದು ಕ್ಷಣ ಇರುತ್ತದೆ.
ಮಣಿಕಟ್ಟಿನಲ್ಲಿ ಅತ್ತೆ ಕಟ್ಟಿದ ಬಿಳಿ ನೂಲು ಕಾಣುತ್ತದೆ,
ಬೆವರಿಗೆ ಮಾಸಿದ್ದು.
ಇದೂ ಸಿಡಿಸುವುದೇ.
ಮೇಲಿದ್ದವನೂ ಒಂದು ಗುಂಡಿ ಒತ್ತಿದ್ದ.
ಬೆರಳಿಗೂ ಬೆರಳಿಗೂ ಏನು ವ್ಯತ್ಯಾಸವೆಂದು
ಬೆರಳು ಹೇಳುವುದಿಲ್ಲ.

ಸದ್ದು ಗುಡ್ಡಕ್ಕೆ ಹೋಗಿ ತಿರುಗಿ ಬಂತು.
ಮಾವ ವಿಹಾರದ ಅಂಗಳದಲ್ಲಿ, ಊರವರ ಜೊತೆ ಕೂತು
ಕೇಳಿಸಿಕೊಂಡನಂತೆ.
ಸಂಜೆ ಮನೆಗೆ ಹೋದಾಗ ಏನೂ ಅನ್ನಲಿಲ್ಲ.
ಬಹಳ ಹೊತ್ತಿನ ಮೇಲೆ, "ಎಷ್ಟಾಯಿತು ಇವತ್ತು?"
ಕೈ ಚಾಚಿ ತೋರಿಸಿದೆ:
ಹಿತ್ತಲ ಬೇಲಿಯಿಂದ ಆ ಬಾಳೆಯ ತನಕ.

ಅವನು ಎದ್ದ. ಚಪ್ಪಲಿ ಬಿಟ್ಟ.
ಬರಿಗಾಲಲ್ಲಿ, ಕೆಳಗೆ ನೋಡದೆ,
ಅಲ್ಲಿಯವರೆಗೆ ನಡೆದು ಹೋಗಿ
ಉಚ್ಚೆ ಹೊಯ್ದು ಬಂದ.
ಮತ್ತೆ ಸಿಗರೇಟು ಸುತ್ತಲು ಕೂತ.