ಷರಾ

ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು
ಗಾಜಿನ ಕೊಳವೆಗೆ ಸುರಿದು, ಕಣ್ಣ ಮಟ್ಟಕ್ಕೆ ಹಿಡಿದು
ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.
ಮಾದಾಪುರದಿಂದ ಮೂರು ಮೈಲಿ ಮೇಲಿನ ಕಾಫಿ ತೋಟ,
ನಾನು ಅಲ್ಲಿಯ ರೈಟರು.
ಕತೆ ಕವಿತೆಯ ರೈಟರಲ್ಲ,
ಹಾಜರಿ ಹಾಕುವ, ಗೊಬ್ಬರದ ಚೀಲ ಎಣಿಸುವ,
ಆಕಾಶ ಸುರಿದದ್ದಕ್ಕೆಲ್ಲ ಲೆಕ್ಕ ಇಡುವ ರೈಟರಮ್ಮ.

ಹದಿನೇಳು: ನಾಲ್ಕು ಇಂಚು ಹತ್ತು ಸೆಂಟು.
ಹದಿನೆಂಟು: ಆರು ಇಂಚು.
ಹತ್ತೊಂಬತ್ತು: ಮಾಪಕ ತುಂಬಿ ಹೊರಚೆಲ್ಲಿತ್ತು,
ಅಂದಾಜು ಬರೆದೆ.
ಇಲ್ಲಿ ಇಬ್ಬರು ಎದುರಾದರೆ ಮೊದಲ ಮಾತು
ಊಟ ಆಯ್ತಾ ಅಲ್ಲ, ನಿಮ್ಮಲ್ಲಿ ಎಷ್ಟು ಸೆಂಟು?
ಹೆಚ್ಚು ಬಿದ್ದವನ ಮುಖದಲ್ಲಿ
ಏನೋ ಒಂದು ಸಣ್ಣ ಜಂಭ.

ಇಪ್ಪತ್ತಾರು ದಿನ ಹೀಗೆ.
ಚಪ್ಪಲಿಗೆ ಬೂಷ್ಟು, ಪರ್ಸಿಗೆ ಬೂಷ್ಟು,
ಮದುವೆ ಫೋಟೋದಲ್ಲಿ ಗಂಡನ ಕೋಟಿನ ಮೇಲೆ
ಬಿಳೀ ಬೂಷ್ಟಿನದೊಂದು ಹೂವು,
ಅವನಿಗೆ ಯಾರೋ ಎರಡನೇ ಮದುವೆ ಮಾಡುತ್ತಿರುವಂತೆ.
ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ
ಹೊಗೆಯನ್ನೇ ಉಟ್ಟು ಓಡಾಡಿದೆವು.
ರೊಟ್ಟಿ ಸೀದರೂ ಸಿಟ್ಟು, ಸೀಯದಿದ್ದರೂ ಸಿಟ್ಟು.
ಪಕ್ಕದ ಮನೆಯ ನಫೀಸಾಳ ಜೊತೆ
ಮಾತು ಬಿಟ್ಟು ಒಂಬತ್ತು ದಿನ,
ಕಾರಣ ಒಂದು ಕಟ್ಟು ಒಣ ಸೌದೆ.
ಕಕ್ಕಡ ತಿಂಗಳಲ್ಲಿ ಒಣ ಸೌದೆ ಅಂದರೆ ಚಿನ್ನ,
ಜಗಳಕ್ಕೆ ಅಷ್ಟು ಸಾಕು.

ಆಮೇಲೆ ಆ ಮಂಗಳವಾರ,
ಹನ್ನೊಂದು ಇಪ್ಪತ್ತಕ್ಕೆ,
ಕಚೇರಿ ಮೇಜಿನ ಮೇಲೆ ನನ್ನ ಪೆನ್ನಿನ ಪಕ್ಕ
ಇನ್ನೊಂದು ಪೆನ್ನು ಬಿದ್ದಿತ್ತು, ಕಪ್ಪನೆಯದು.
ಎತ್ತಲು ಹೋದೆ, ಕೈಗೆ ಸಿಗಲಿಲ್ಲ.
ನೆರಳು!

ಹೊರಗೆ ಬಂದರೆ
ಸಿಲ್ವರ್ ಮರಗಳ ನಡುವಿನಿಂದ ಬಿಸಿಲು
ತಡವಾಗಿ ಬಂದ ಕೂಲಿಯಾಳಿನ ಹಾಗೆ
ತಲೆ ತಗ್ಗಿಸಿ ಇಳಿಯುತ್ತಿತ್ತು.
ಗೈರು ಹಾಕಲು ಮನಸ್ಸಾಗಲಿಲ್ಲ.

ತಗಡಿನ ಮಾಡು ಟಕ್ ಟಕ್ ಎಂದು ನೆಟಿಗೆ ಮುರಿಯಿತು.
ಒದ್ದೆ ನಾಯಿಯ ಬೆನ್ನಿಂದ ಹಬೆ ಎದ್ದು
ಆಗಷ್ಟೇ ಬೆಂದ ಕಡಂಬುಟ್ಟಿನಂತೆ ಅದು ನಿಂತಿತ್ತು.
ಬೊಳಕ ಪ್ಲಾಸ್ಟಿಕ್ ಕೊಪ್ಪೆ ಕಳಚಿ ಕಲ್ಲಿನ ಮೇಲೆ ಕೂತು
ಇಂಬಳ ಕಚ್ಚಿದ ಕಾಲು ಚಾಚಿದ,
ಬೀಡಿ ಹಚ್ಚಿ, "ಒಂದೇ ಕಡ್ಡಿ!" ಎಂದು
ಸುಟ್ಟ ಕಡ್ಡಿಯನ್ನು ನಮಗೆಲ್ಲ ತೋರಿಸಿದ.
ಅಸ್ಸಾಮಿನ ಹುಡುಗ ರೊಫಿಕುಲ್
ತನ್ನ ನೆರಳಿನದೇ ಫೋಟೋ ತೆಗೆದುಕೊಂಡ.
ಯಾರಿಗೆ ಕಳಿಸಲು ಎಂದು ನಾನು ಕೇಳಲಿಲ್ಲ.

ನಫೀಸಾಳ ಮಗಳು ಇಪ್ಪತ್ತು ದಿನದ ಕೂಸನ್ನು
ಜಗಲಿಗೆ ತಂದಳು.
ಬಲ್ಬು, ಒಲೆ, ಇವೆರಡೇ ಅದು ಕಂಡ ಬೆಳಕು.
ಹಣೆ ಗಂಟಿಕ್ಕಿ, ಮೂಗು ಅರಳಿಸಿ
ಬಿಸಿಲಿಗೆ ಎರಡು ಸಲ ಸೀನಿತು.
ಅಷ್ಟೇ.
ಅಷ್ಟಕ್ಕೇ ನಕ್ಕೆವು, ಇಡೀ ಲೈನು ನಕ್ಕಿತು,
ನಗುತ್ತಿರುವಾಗಲೇ ಮಾತು ಬಿಟ್ಟದ್ದು
ನಮ್ಮಿಬ್ಬರಿಗೂ ನೆನಪಾಗಿ
ನಿಲ್ಲಿಸಲಾಗದೆ ಮತ್ತೂ ನಕ್ಕೆವು.

"ರೈಟರಮ್ಮ, ಕಂಬಳಿ ತನ್ನಿ,
ನಮ್ಮ ಮೋಟುಗೋಡೆಯಲ್ಲಿ ಜಾಗ ಉಂಟು."
ಅವಳು ಒಂದು ತುದಿ, ನಾನೊಂದು ತುದಿ,
ಒದರಿದಾಗ ಎದ್ದ ಧೂಳು ಕೂಡ
ಎಷ್ಟು ಚೆನ್ನಾಗಿ ಹೊಳೆಯಿತು.

ಹನ್ನೊಂದು ಮೂವತ್ತೇಳಕ್ಕೆ ಮಂಜು
ಮಾತಿಲ್ಲದೆ ಬಂದು ಬಾಗಿಲು ಹಾಕಿಕೊಂಡಿತು.
ಕಂಬಳಿ ಒಂದು ಮೈ ಒಣಗಿತ್ತು, ಇನ್ನೊಂದು ತಣ್ಣಗೆ.
ರಾತ್ರಿ ಒಣಗಿದ ಮೈಯನ್ನು ಕೆನ್ನೆಗೆ ಎಳೆದುಕೊಂಡು ಮಲಗಿದೆ.
ಮಾಡಿನ ಮೇಲೆ ಮಳೆ ತನ್ನ ಪಾಡಿಗೆ.

ಬೆಳಿಗ್ಗೆ ಬರೆದೆ: ಒಂದು ಇಂಚು ನಲವತ್ತು ಸೆಂಟು.
ಪುಸ್ತಕದ ಕೊನೆಯಲ್ಲಿ ಷರಾ ಎಂದೊಂದು ಕಾಲಂ,
ಮರ ಬಿದ್ದರೆ, ಆನೆ ಬಂದರೆ, ತಂತಿ ಹರಿದರೆ
ಬರೆಯುವ ಜಾಗ.
ಅಲ್ಲಿ ಬರೆದೆ: 11.20ರಿಂದ 11.37.
ಏನೆಂದು ಬರೆಯಲಿಲ್ಲ.

ಶನಿವಾರ ಸಹಿ ಹಾಕಲು ಬಂದ ಮೊಣ್ಣಪ್ಪನವರು
ಕನ್ನಡಕ ಏರಿಸಿ ಕೇಳಿದರು,
"ಇದೇನಿದು, ಕರೆಂಟು ಬಂದಿತ್ತಾ?"
ಹೌದು ಸಾರ್, ಅಂದೆ.
ಬಂದಿತ್ತು.